ನ್ಯಾಸ್‌ನಲ್ಲಿದ್ದ ವಿಂಡೋಸ್ ಬ್ಯಾಕಪ್ ಇಮೇಜ್ ತೆರೆಯುತ್ತಿಲ್ಲ, ರೇಡ್‌ನ ಎರಡೂ ಡಿಸ್ಕ್‌ಗೆ ಪೆಟ್ಟು ಬಿದ್ದಿದೆ: ಡೇಟಾ ತೆಗೆಯುವುದು ಹೇಗೆ?

ಅಚ್ಚುಮೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಶೋಕನಗರದಲ್ಲಿ ಸಣ್ಣ ಡಿಟಿಪಿ ಮತ್ತು ಪ್ರೆಸ್, ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಕೆಲಸ. ಡಿಸೈನ್ ಮಾಡುವ ಕಂಪ್ಯೂಟರ್ ಒಂದೇ. ವಿಂಡೋಸ್ 10, 500 ಜಿಬಿ ಎಸ್‌ಎಸ್‌ಡಿ, ಅದರಲ್ಲಿ ಸುಮಾರು 340 ಜಿಬಿ ತುಂಬಿತ್ತು. ಕೋರೆಲ್‌ಡ್ರಾ ಮತ್ತು ಪೇಜ್‌ಮೇಕರ್ ಫೈಲ್‌ಗಳು, ಟ್ಯಾಲಿ ಲೆಕ್ಕ ಎಲ್ಲವೂ ಅದರಲ್ಲೇ. ಪ್ರತಿ ಭಾನುವಾರ ರಾತ್ರಿ ವಿಂಡೋಸ್‌ನದೇ ‘ಸಿಸ್ಟಂ ಇಮೇಜ್’ ಬ್ಯಾಕಪ್ ನ್ಯಾಸ್‌ಗೆ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಹೋಗುತ್ತಿತ್ತು. ನ್ಯಾಸ್‌ನಲ್ಲಿ ಎರಡು ಬೇ, 4 ಟಿಬಿಯ ಎರಡು ಡಿಸ್ಕ್, ರೇಡ್ 1 (ಎರಡರಲ್ಲೂ ಒಂದೇ ಡೇಟಾ ಇಡುವ ಜೋಡಣೆ), ಫೈಲ್ ಸಿಸ್ಟಂ ಇಎಕ್ಸ್‌ಟಿ4.

ಕಳೆದ ಭಾನುವಾರ ಬ್ಯಾಕಪ್ ಓಡುತ್ತಿದ್ದಾಗಲೇ ಕರೆಂಟ್ ಎರಡು ಮೂರು ಸಲ ಹೋಗಿ ಬಂತು. ಎಸ್‌ಎಸ್‌ಡಿ ಈಗ ಬಯಾಸ್‌ನಲ್ಲೂ ಕಾಣುತ್ತಿಲ್ಲ, ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಇಲ್ಲ. ನ್ಯಾಸ್ ಬೀಪ್ ಮಾಡುತ್ತಿದೆ. ಎರಡನೇ ಡಿಸ್ಕ್ ‘ಕ್ರ್ಯಾಶ್ಡ್’, ಮೊದಲನೇ ಡಿಸ್ಕ್ ‘ವಾರ್ನಿಂಗ್’. ಮೊದಲನೇದರ ಸ್ಮಾರ್ಟ್ (ಡಿಸ್ಕಿನ ಆರೋಗ್ಯ ವರದಿ) ಪಟ್ಟಿಯಲ್ಲಿ 197ನೇ ಸಾಲು 24 ತೋರಿಸುತ್ತಿದೆ. ಟಕ್ ಟಕ್ ಸದ್ದು ಎರಡರಲ್ಲೂ ಇಲ್ಲ. ಶೇರ್ ಫೋಲ್ಡರ್ ತೆರೆಯುತ್ತದೆ, ‘ವಿಂಡೋಸ್‌ಇಮೇಜ್‌ಬ್ಯಾಕಪ್’ ಒಳಗೆ 310 ಜಿಬಿಯ ಒಂದು ವಿಎಚ್‌ಡಿಎಕ್ಸ್ (ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಹಿಡಿದಿಡುವ) ಫೈಲೂ ಇದೆ. ಡಬಲ್ ಕ್ಲಿಕ್ ಮಾಡಿದರೆ ಡಿಸ್ಕ್ ಇಮೇಜ್ ಫೈಲ್ ಕೆಟ್ಟಿದೆ ಎನ್ನುತ್ತದೆ. ಕಾಪಿ ಮಾಡಲು ಹೋದರೆ 40 ಶೇಕಡ ಹತ್ತಿರ ನಿಂತುಬಿಡುತ್ತದೆ.

ಇಲ್ಲಿಯ ಒಂದು ಅಂಗಡಿಯಲ್ಲಿ ‘ನ್ಯಾಸ್ ರೀಸೆಟ್ ಮಾಡಿ ಹೊಸದಾಗಿ ರೇಡ್ ಕಟ್ಟಿ, ಆಮೇಲೆ ಸಾಫ್ಟ್‌ವೇರ್ ಓಡಿಸಿದರೆ ಎಲ್ಲಾ ಬರುತ್ತೆ’ ಅಂದರು. ಮನಸ್ಸು ಒಪ್ಪುತ್ತಿಲ್ಲ. ಹೊಸ 4 ಟಿಬಿ ಡಿಸ್ಕ್ ಹಾಕಿ ರೀಬಿಲ್ಡ್ ಕೊಡಬಹುದೇ? ಆ 310 ಜಿಬಿ ಫೈಲ್‌ನಿಂದ ಏನಾದರೂ ಸಿಗುತ್ತದೆಯೇ?

ಅಂತರಗಂಗೆ (ಕೋಲಾರ)

ಸರ್, ನಿಮ್ಮ ಮನಸ್ಸು ಹೇಳಿದ್ದೇ ಸರಿ. ರೀಸೆಟ್ ಬೇಡ, ರೀಬಿಲ್ಡೂ ಬೇಡ. ಓದಿದ ಕೂಡಲೇ ನ್ಯಾಸ್‌ನ ಮೆನುವಿನಿಂದ ಶಟ್‌ಡೌನ್ ಕೊಟ್ಟು ಆಫ್ ಮಾಡಿ. ಸುಮ್ಮನೆ ಆನ್ ಇದ್ದರೂ ಲಾಗ್, ಥಂಬ್‌ನೇಲ್, ಇಂಡೆಕ್ಸ್ ಅಂತ ಅದು ಬರೆಯುತ್ತಲೇ ಇರುತ್ತದೆ.

ರೀಬಿಲ್ಡ್ ಯಾಕೆ ಬೇಡ ಅಂದರೆ, ಅದಕ್ಕೆ ಮೊದಲನೇ ಡಿಸ್ಕನ್ನು ತಲೆಯಿಂದ ಬುಡದವರೆಗೆ ಓದಬೇಕು. 197ನೇ ಸಾಲಿನ 24 ಅಂದರೆ ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳು. ರೀಬಿಲ್ಡ್ ಅಲ್ಲಿಗೆ ಬಂದಾಗ ಎಡವುತ್ತದೆ. ಅಷ್ಟರಲ್ಲಿ ಉಳಿದಿರುವ ಒಂದೇ ಡಿಸ್ಕ್ ಗಂಟೆಗಟ್ಟಲೆ ದುಡಿದು ಇನ್ನಷ್ಟು ಸೊರಗಿರುತ್ತದೆ. ನಿಮ್ಮ 310 ಜಿಬಿ ಕಾಪಿ 40 ಶೇಕಡದಲ್ಲಿ ನಿಂತಿದ್ದೂ ಬಹುಶಃ ಅಂಥ ಒಂದು ಸೆಕ್ಟರ್‌ನಲ್ಲೇ.

ನಿಮ್ಮ ಕೇಸಿನಲ್ಲಿ ಒಂದು ಒಳ್ಳೆಯ ಅಂಶ ಇದೆ. ರೇಡ್ 1ರಲ್ಲಿ ಎರಡು ಡಿಸ್ಕಿನಲ್ಲೂ ಅದೇ ಡೇಟಾ, ಅದೇ ಜಾಗದಲ್ಲಿ ಇರುತ್ತದೆ. ಒಂದರಲ್ಲಿ ಹಾಳಾದ ಸೆಕ್ಟರ್ ಇನ್ನೊಂದರಲ್ಲೂ ಅದೇ ಜಾಗದಲ್ಲೇ ಹಾಳಾಗಿರುವುದು ಬಹಳ ಅಪರೂಪ. ಅಂದರೆ ಪೆಟ್ಟು ತಿಂದ ಎರಡು ಡಿಸ್ಕ್ ಸೇರಿಸಿ ಒಂದು ಪೂರ್ತಿ ಪ್ರತಿ ಮಾಡಬಹುದು.

ಬೇಕಾದ ಸಾಮಾನು: 6 ಅಥವಾ 8 ಟಿಬಿಯ ಒಂದು ಖಾಲಿ ಡಿಸ್ಕ್ (4 ಟಿಬಿ ಸಾಲದು, ಇಮೇಜೂ ಅದರಿಂದ ತೆಗೆದ ಫೈಲೂ ಎರಡೂ ಹಿಡಿಯಬೇಕು), ಕನಿಷ್ಠ ಎರಡು ಸಾಟಾ ಪೋರ್ಟ್ ಖಾಲಿ ಇರುವ ಡೆಸ್ಕ್‌ಟಾಪ್, ಉಬುಂಟು ಲೈವ್ ಪೆನ್‌ಡ್ರೈವ್. ಯುಎಸ್‌ಬಿ ಡಾಕ್ ಇದ್ದರೂ ಪೆಟ್ಟು ತಿಂದ ಡಿಸ್ಕ್‌ಗಳಿಗೆ ಬಳಸಬೇಡಿ. ಕೆಟ್ಟ ಸೆಕ್ಟರ್ ಬಂದಾಗ ಎಷ್ಟೋ ಡಾಕ್‌ಗಳು ಕನೆಕ್ಷನ್ನನ್ನೇ ಕಡಿದು ಮತ್ತೆ ಜೋಡಿಸುತ್ತವೆ. ನೇರ ಸಾಟಾ ಕೇಬಲ್ಲೇ ಒಳ್ಳೆಯದು.

ಡಿಸ್ಕ್ ಹೊರಗೆ ತೆಗೆಯುವಾಗಲೇ ಮಾರ್ಕರ್‌ನಲ್ಲಿ 1, 2 ಅಂತ ಬರೆದುಬಿಡಿ, ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ. ಉಬುಂಟುವಿನಲ್ಲಿ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಪ್ರತಿ ಬೂಟ್‌ಗೂ ಅದಲುಬದಲಾಗಬಹುದು. ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾ ಮೇಲೆ ಹೋಗಿ ಕೂರುತ್ತದೆ, ಆಮೇಲೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ಪ್ರತಿ ಕಮಾಂಡ್‌ಗೆ ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಸೀರಿಯಲ್’ ಕೊಟ್ಟು ಸೀರಿಯಲ್ ತಾಳೆ ನೋಡಿ.

ಈ ಡಿಸ್ಕ್‌ಗಳನ್ನು ವಿಂಡೋಸ್ ಕಂಪ್ಯೂಟರ್‌ಗೆ ಹಾಕಲೇಬೇಡಿ. ‘ಇನಿಶಿಯಲೈಸ್ ಮಾಡಬೇಕೇ’, ‘ಫಾರ್ಮ್ಯಾಟ್ ಮಾಡಬೇಕೇ’ ಅಂತ ಅದು ಕೇಳುತ್ತದೆ, ಅವಸರದಲ್ಲಿ ಒಂದು ಓಕೆ ಒತ್ತಿದರೂ ಸಾಕು.

ಉಬುಂಟುವಿನಲ್ಲಿ ಹಾಕಿಕೊಳ್ಳಬೇಕಾದ ಪ್ಯಾಕೇಜ್: ಜಿಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕನ್ನು ಪ್ರತಿ ಮಾಡುವ ಸಾಧನ, ಕಮಾಂಡ್ ಹೆಸರು ಡಿಡಿರೆಸ್ಕ್ಯೂ), ಎಂಡಿಆಡಮ್, ಸ್ಮಾರ್ಟ್‌ಮಾನ್‌ಟೂಲ್ಸ್, ಕ್ಯೂಇಎಂಯು-ಯುಟಿಲ್ಸ್, ಟೆಸ್ಟ್‌ಡಿಸ್ಕ್. (ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆಯುತ್ತಿದ್ದೇನೆ, ದೊಡ್ಡಕ್ಷರ ಅಂತ ಹೇಳಿದ ಕಡೆ ಬಿಟ್ಟು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಟೈಪಿಸಿ.) ಮೊದಲು ಎರಡೂ ಡಿಸ್ಕ್‌ಗೆ ‘ಬ್ಲಾಕ್‌ಡೆವ್ --ಸೆಟ್‌ಆರ್‌ಒ’ ಕೊಟ್ಟು ಓದಲು ಮಾತ್ರ ಅಂತ ಬೀಗ ಹಾಕಿ. ಆಮೇಲೆ ಎರಡರ ಡೇಟಾ ಪಾರ್ಟಿಷನ್‌ಗೂ ‘ಎಂಡಿಆಡಮ್ --ಎಕ್ಸಾಮಿನ್’ ಕೊಡಿ. ಸಿನಾಲಜಿಯಲ್ಲಾದರೆ ಮೊದಲ ಪಾರ್ಟಿಷನ್ ಸಿಸ್ಟಂ, ಎರಡನೇದು ಸ್ವಾಪ್, ಮೂರನೇದು ಡೇಟಾ. ಬೇರೆ ಕಂಪನಿಯದಾದರೆ ನಂಬರ್ ಬೇರೆ ಇರಬಹುದು, ಎಲ್ಲಕ್ಕಿಂತ ದೊಡ್ಡ ಪಾರ್ಟಿಷನ್ನೇ ಡೇಟಾ. ಬರುವ ಉತ್ತರದಲ್ಲಿ ಈವೆಂಟ್ಸ್, ಅಪ್‌ಡೇಟ್ ಟೈಮ್, ಡೇಟಾ ಆಫ್‌ಸೆಟ್ ಈ ಮೂರು ಸಾಲು ಇಲ್ಲಿ ಹಾಕಿ. ಎರಡನೇ ಡಿಸ್ಕ್ ಭಾನುವಾರ ಬಿದ್ದಿದೆಯೋ ಆರು ತಿಂಗಳ ಹಿಂದೆಯೇ ಬಿದ್ದಿತ್ತೋ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಹಳೆಯದಾಗಿದ್ದರೆ ಎರಡನ್ನೂ ಬೆರೆಸುವಂತಿಲ್ಲ.

‘ಎಂಡಿಆಡಮ್ --ಕ್ರಿಯೇಟ್’ ಕೊಡಿ ಅಂತ ಯಾವ ವಿಡಿಯೋದಲ್ಲಿ ಹೇಳಿದ್ದರೂ ಕೊಡಬೇಡಿ. ಅದು ಹೊಸ ರೇಡ್ ತಲೆಬರಹ ಬರೆಯುತ್ತದೆ.

ಅಚ್ಚುಮೊಳೆ

ಅಂತರಗಂಗೆ ಸರ್, ನ್ಯಾಸ್ ಆಫ್ ಮಾಡಿದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ 8 ಟಿಬಿ ಡಿಸ್ಕ್ ತರಿಸಿದೆ. ಎಕ್ಸಾಮಿನ್ ಫಲಿತಾಂಶ:

ಡಿಸ್ಕ್ 1: ಈವೆಂಟ್ಸ್ 48210, ಅಪ್‌ಡೇಟ್ ಟೈಮ್ ನಾನು ಆಫ್ ಮಾಡಿದ ಹೊತ್ತು.
ಡಿಸ್ಕ್ 2: ಈವೆಂಟ್ಸ್ 48163, ಅಪ್‌ಡೇಟ್ ಟೈಮ್ ಭಾನುವಾರ ರಾತ್ರಿ 11.47.
ಡೇಟಾ ಆಫ್‌ಸೆಟ್ ಎರಡರಲ್ಲೂ 2048 ಸೆಕ್ಟರ್.

ಬ್ಯಾಕಪ್ ಶುರುವಾಗುವುದು ರಾತ್ರಿ 10.30ಕ್ಕೆ.

ಚಿತ್ರಾವತಿ (ಚಿಕ್ಕಬಳ್ಳಾಪುರ)

ನಡುವೆ ಮಾತು ಸೇರಿಸುತ್ತಿದ್ದೇನೆ. 4 ಟಿಬಿ ಪೂರ್ತಿ ಇಮೇಜ್ ಮಾಡುವುದಕ್ಕೆ ಮುಂಚೆ ಆ 310 ಜಿಬಿ ಫೈಲ್ ಒಂದನ್ನೇ ಎತ್ತಿಕೊಳ್ಳುವುದು ಜಾಣತನ ಅಲ್ಲವೇ? ಡಿಡಿರೆಸ್ಕ್ಯೂಗೆ ಡಿಸ್ಕೇ ಆಗಬೇಕೆಂದಿಲ್ಲ, ಫೈಲ್ ಕೊಟ್ಟರೂ ನಡೆಯುತ್ತದೆ. ಸೆಕೆಂಡಿಗೆ 120 ಎಂಬಿ ವೇಗದಲ್ಲಿ ಮುಕ್ಕಾಲು ಗಂಟೆಯ ಕೆಲಸ. ಸಾಯುತ್ತಿರುವ ಡಿಸ್ಕ್‌ನಿಂದ ಬೇಕಾದದ್ದನ್ನು ಮೊದಲು ತೆಗೆಯಬೇಕು.

ಅಂತರಗಂಗೆ (ಕೋಲಾರ)

ಮೇಡಂ, ಡಿಸ್ಕ್ ಸದ್ದು ಮಾಡುತ್ತಿದ್ದರೆ ಅಥವಾ ಪೆಂಡಿಂಗ್ ಸೆಕ್ಟರ್ ಗಂಟೆಗಂಟೆಗೆ ಏರುತ್ತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಪೂರ್ತಿ ಇಮೇಜ್ ಬೇಕು ಅನ್ನುವುದಕ್ಕೆ ಎರಡು ಕಾರಣ. ಒಂದು, ಫೈಲ್ ಮಟ್ಟದಲ್ಲಿ ಎತ್ತಿದರೆ ಎರಡನೇ ಡಿಸ್ಕ್‌ನಿಂದ ತೇಪೆ ಹಾಕುವುದು ಕಷ್ಟ. ಪಾರ್ಟಿಷನ್ ಮಟ್ಟದಲ್ಲಿ ಅದು ಸಲೀಸು. ಎರಡು, ವಿಂಡೋಸ್ ಸಿಸ್ಟಂ ಇಮೇಜ್ ನೆಟ್‌ವರ್ಕ್ ಶೇರ್‌ನಲ್ಲಿ ಒಂದೇ ಪ್ರತಿ ಇಡುತ್ತದೆ. ಹೊಸದು ಹಳೆಯದರ ಜಾಗಕ್ಕೇ ಬರುತ್ತದೆ. ಹೊಸದು ಮುಗಿಯುವ ಮೊದಲು ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೈಕ್ರೋಸಾಫ್ಟ್‌ನವರೇ ‘ಡಬ್ಲ್ಯುಬಿಆಡ್ಮಿನ್’ (ವಿಂಡೋಸ್‌ನ ಬ್ಯಾಕಪ್ ಕಮಾಂಡ್) ವಿವರಣೆಯಲ್ಲಿ ಈ ಎಚ್ಚರಿಕೆ ಕೊಟ್ಟಿದ್ದಾರೆ. ಹಾಗಾಗಿ ಹೋದ ವಾರದ ಬ್ಯಾಕಪ್‌ನ ತುಣುಕುಗಳು ನ್ಯಾಸ್‌ನ ಖಾಲಿ ಜಾಗದಲ್ಲಿ ಬಿದ್ದಿರಬಹುದು. ಅವು ಬೇಕಾದರೆ ಪೂರ್ತಿ ಇಮೇಜೇ ಬೇಕು.

ಅಚ್ಚುಮೊಳೆ ಸರ್, ನಿಮ್ಮ ಲೆಕ್ಕ ನೋಡಿ ಸಮಾಧಾನ ಆಯಿತು. ಡಿಸ್ಕ್ 2 ಬಿದ್ದದ್ದು ಬ್ಯಾಕಪ್ ನಡುವೆ, 11.47ಕ್ಕೆ. ಆಮೇಲೆ ಡಿಸ್ಕ್ 1ಕ್ಕೆ ಮಾತ್ರ ಬರೆದದ್ದು ಬ್ಯಾಕಪ್‌ನ ಕೊನೆಯ ಚೂರು ಮತ್ತು ನ್ಯಾಸ್‌ನ ಲಾಗ್. ಹಾಗಾಗಿ ಡಿಸ್ಕ್ 1 ಮುಖ್ಯ, ಡಿಸ್ಕ್ 2 ತೇಪೆಗೆ ಮಾತ್ರ. ಈ ಕ್ರಮ ತಪ್ಪಬಾರದು.

ಹೊಸ 8 ಟಿಬಿಯನ್ನು ಇಎಕ್ಸ್‌ಟಿ4 ಮಾಡಿ ಮೌಂಟ್ ಮಾಡಿ. ಮೊದಲ ಸುತ್ತಿನಲ್ಲಿ ಡಿಡಿರೆಸ್ಕ್ಯೂಗೆ ‘-ಡಿ -ಎನ್’ ಆಪ್ಷನ್, ಮೂಲ ಅಂದರೆ ಡಿಸ್ಕ್ 1ರ ಡೇಟಾ ಪಾರ್ಟಿಷನ್, ಗುರಿ ಅಂದರೆ ಹೊಸ ಡಿಸ್ಕ್‌ನಲ್ಲಿ ಒಂದು ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್‌ನ (ಯಾವ ಜಾಗ ಓದಿ ಆಯಿತು ಅನ್ನುವ ದಾಖಲೆ) ಹೆಸರು, ಇಷ್ಟು ಕೊಡಿ. ‘-ಎನ್’ ಅಂದರೆ ಕೆಟ್ಟ ಜಾಗವನ್ನು ಕೆರೆಯುತ್ತಾ ಕೂರದೆ ಮುಂದೆ ಹೋಗು ಅಂತ. ಸರಾಸರಿ 130 ಎಂಬಿ ವೇಗ ಸಿಕ್ಕರೆ ಎಂಟೂವರೆ ಗಂಟೆ. ಡಿಸ್ಕ್‌ಗೆ ಎದುರಾಗಿ ಟೇಬಲ್ ಫ್ಯಾನ್ ಇಡಿ, 50 ಡಿಗ್ರಿ ದಾಟಿದರೆ ನಿಲ್ಲಿಸಿ ಆರಲು ಬಿಡಿ. ಮ್ಯಾಪ್ ಫೈಲ್ ಇರುವುದರಿಂದ ಕರೆಂಟ್ ಹೋದರೂ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಆದರೆ ಮ್ಯಾಪ್ ಫೈಲನ್ನು ಲೈವ್ ಪೆನ್‌ಡ್ರೈವ್‌ನ ಹೋಮ್ ಫೋಲ್ಡರ್‌ನಲ್ಲಿ ಇಡಬೇಡಿ, ಆಫ್ ಆದರೆ ಅದು ಅಳಿಸಿಹೋಗುತ್ತದೆ. ಇಮೇಜ್ ಪಕ್ಕದಲ್ಲೇ ಇರಲಿ.

ಎರಡನೇ ಸುತ್ತಿನಲ್ಲಿ ಡಿಸ್ಕ್ 1 ತೆಗೆದಿಡಿ. ‘-ಡಿ -ಆರ್1’ ಆಪ್ಷನ್ ಜೊತೆ ಡಿಸ್ಕ್ 2ರ ಅದೇ ಪಾರ್ಟಿಷನ್ ಮೂಲವಾಗಿ ಕೊಡಿ. ಇಮೇಜ್ ಫೈಲೂ ಮ್ಯಾಪ್ ಫೈಲೂ ಹಳೆಯವೇ. ಡಿಡಿರೆಸ್ಕ್ಯೂ ಮ್ಯಾಪ್ ನೋಡಿ ಬಾಕಿ ಇರುವ ಜಾಗಗಳನ್ನು ಮಾತ್ರ ಡಿಸ್ಕ್ 2ರಿಂದ ಓದಿ ತುಂಬುತ್ತದೆ. ಕೆಲವೇ ನಿಮಿಷದ ಕೆಲಸ. ಇದಕ್ಕೆ ಮುಂಚೆ ಎರಡೂ ಪಾರ್ಟಿಷನ್‌ಗಳ ಗಾತ್ರ ಮತ್ತು ಆರಂಭದ ಸೆಕ್ಟರ್ ಒಂದೇ ಇವೆಯೇ ಅಂತ ‘ಎಫ್‌ಡಿಸ್ಕ್ -ಎಲ್’ನಲ್ಲಿ ನೋಡಿಕೊಳ್ಳಿ. ಇನ್ನೂ ಉಳಿದರೆ ಕೊನೆಗೆ ‘-ಆರ್3’ ಕೊಟ್ಟು ಡಿಸ್ಕ್ 1ರಲ್ಲಿ ಮೂರು ಸಲ ಪ್ರಯತ್ನ.

ಯಾವ ಹಂತದಲ್ಲಾದರೂ ಡಿಸ್ಕ್ ಟಕ್ ಟಕ್ ಅನ್ನಲು ಶುರುವಾದರೆ ತಕ್ಷಣ ಪವರ್ ತೆಗೆಯಿರಿ. ಆಮೇಲೆ ಅದು ಕ್ಲೀನ್ ರೂಮ್ ಇರುವ ಲ್ಯಾಬ್ ಕೆಲಸ, ಮನೆಯಲ್ಲಿ ಮಾಡುವುದಲ್ಲ.

ದುರ್ಗದಬೆಟ್ಟ (ತುಮಕೂರು)

ಅಣ್ಣ, ಇಮೇಜ್ ಓಡುತ್ತಿರುವಾಗ ಆ ಸತ್ತ ಎಸ್‌ಎಸ್‌ಡಿಗೂ ಒಂದು ಪ್ರಯತ್ನ ಮಾಡಿ. ಕರೆಂಟ್ ಹಠಾತ್ತನೆ ಹೋದಾಗ ಕೆಲವು ಎಸ್‌ಎಸ್‌ಡಿಗಳ ಒಳಗಿನ ಮ್ಯಾಪಿಂಗ್ ಟೇಬಲ್ ಅರ್ಧಕ್ಕೆ ನಿಂತು ಡ್ರೈವ್ ಕಾಣದಂತಾಗುತ್ತದೆ. ಡೇಟಾ ಕೇಬಲ್ ಬೇಡ, ಪವರ್ ಕೇಬಲ್ ಮಾತ್ರ ಕೊಟ್ಟು ಅರ್ಧ ಗಂಟೆ ಬಿಡಿ, ಅರ್ಧ ನಿಮಿಷ ತೆಗೆಯಿರಿ, ಮತ್ತೆ ಅರ್ಧ ಗಂಟೆ ಕೊಡಿ. ಆಮೇಲೆ ಡೇಟಾ ಕೇಬಲ್ ಹಾಕಿ ಬಯಾಸ್ ನೋಡಿ. ಎದ್ದರೆ ಅದನ್ನೂ ಡಿಡಿರೆಸ್ಕ್ಯೂನಲ್ಲೇ ಎತ್ತಿ, ವಿಂಡೋಸ್ ಬೂಟ್ ಮಾಡಲು ಹೋಗಬೇಡಿ. ಏಳದಿದ್ದರೆ ಬಿಟ್ಟುಬಿಡಿ.

ಅಚ್ಚುಮೊಳೆ

ಎಸ್‌ಎಸ್‌ಡಿ ಏಳಲಿಲ್ಲ, ಎರಡು ಸಲ ನೋಡಿದೆ.

ಡಿಸ್ಕ್ 1 ಮೊದಲ ಸುತ್ತು 9 ಗಂಟೆ 10 ನಿಮಿಷ. ಮೂರು ಜಾಗದಲ್ಲಿ ಒಟ್ಟು 212 ಕೆಬಿ ಬಾಕಿ ಉಳಿಯಿತು. ಡಿಸ್ಕ್ 2ರಿಂದ ತುಂಬಿದ ಮೇಲೆ ಬಾಕಿ 16 ಕೆಬಿ. ‘-ಆರ್3’ ಕೊಟ್ಟರೂ ಅದು ಹಾಗೇ ಇದೆ. ಎರಡನೇ ಡಿಸ್ಕ್‌ನಿಂದ ಆ ಸಂಖ್ಯೆ ಇಳಿಯುತ್ತಾ ಬಂದದ್ದನ್ನು ಕಣ್ಣಾರೆ ನೋಡಿ ಬಹಳ ಧೈರ್ಯ ಬಂತು ಸರ್. ಮುಂದೆ?

ಅಂತರಗಂಗೆ (ಕೋಲಾರ)

ಬಹಳ ಒಳ್ಳೆಯ ಫಲಿತಾಂಶ. ಈಗ ಎರಡೂ ಹಳೆಯ ಡಿಸ್ಕ್‌ಗಳನ್ನು ಆಂಟಿಸ್ಟಾಟಿಕ್ ಕವರ್‌ನಲ್ಲಿ ಹಾಕಿ ಎತ್ತಿಡಿ. ಇನ್ನು ಅವುಗಳ ಮೇಲೆ ಕೈ ಇಡುವ ಕೆಲಸ ಇಲ್ಲ.

ಇಮೇಜ್ ಫೈಲನ್ನು ರೇಡ್ ಆಗಿ ಜೋಡಿಸುವ ಗೊಡವೆಯೂ ಬೇಡ. ರೇಡ್ ತಲೆಬರಹದ ನಂತರ 2048ನೇ ಸೆಕ್ಟರ್‌ನಿಂದ ಫೈಲ್ ಸಿಸ್ಟಂ ಶುರು. 2048 × 512 = 10,48,576 ಬೈಟ್. ಅಷ್ಟು ಆಫ್‌ಸೆಟ್ ಕೊಟ್ಟು ‘ಲೊಸೆಟಪ್ -ಆರ್’ನಿಂದ ಲೂಪ್ ಡಿವೈಸ್ (ಫೈಲನ್ನೇ ಡಿಸ್ಕಿನಂತೆ ತೋರಿಸುವುದು) ಮಾಡಿ, ಅದಕ್ಕೆ ‘ಬಿಎಲ್‌ಕೆಐಡಿ’ ಕೊಡಿ. ಇಎಕ್ಸ್‌ಟಿ4 ಅಂತ ಬಂದರೆ ನೇರ ಮೌಂಟ್. ಎಲ್‌ವಿಎಂ ಅಂತ ಬಂದರೆ ಮೊದಲು ‘ವಿಜಿಚೇಂಜ್ -ಎವೈ’ ಕೊಟ್ಟು ಒಳಗಿನ ವಾಲ್ಯೂಮ್ ಎಬ್ಬಿಸಬೇಕು. ಮೌಂಟ್ ಆಪ್ಷನ್‌ನಲ್ಲಿ ‘ಆರ್‌ಒ’ ಜೊತೆ ‘ನೋಲೋಡ್’ ಕೂಡ ಇರಲಿ. ಇಲ್ಲದಿದ್ದರೆ ಇಎಕ್ಸ್‌ಟಿ4 ತನ್ನ ಜರ್ನಲ್ ಬರೆಯಲು ನೋಡುತ್ತದೆ, ಓದಲು ಮಾತ್ರ ಅಂದಿರುವುದರಿಂದ ಮೌಂಟೇ ಆಗುವುದಿಲ್ಲ.

ಇನ್ನು ಆ 16 ಕೆಬಿ ಯಾವ ಫೈಲಿನದು ಅಂತ ಕಂಡುಹಿಡಿಯುವ ಉಪಾಯ. ಮೌಂಟ್ ಆಗುತ್ತದೆ ಅಂತ ಖಾತ್ರಿಯಾದ ಮೇಲೆ ಅನ್‌ಮೌಂಟ್ ಮಾಡಿ, ಎಲ್ಲೂ ಸಹಜವಾಗಿ ಬರದ ಒಂದು ಪದವನ್ನು ಸಣ್ಣ ಫೈಲಿನಲ್ಲಿ ಬರೆದು ‘ಡಿಡಿರೆಸ್ಕ್ಯೂ --ಫಿಲ್-ಮೋಡ್=-’ ಮೂಲಕ ಇಮೇಜ್‌ನ ಕೆಟ್ಟ ಜಾಗಗಳಿಗೆ ತುಂಬಿಸಿ. ಮೂಲದ ಜಾಗದಲ್ಲಿ ಆ ಸಣ್ಣ ಫೈಲ್, ಗುರಿ ನಿಮ್ಮ ಇಮೇಜ್, ಜೊತೆಗೆ ಅದೇ ಮ್ಯಾಪ್. ಈಗ ಆ ಪದ ಎಲ್ಲಾ ಪದರದಲ್ಲೂ ಹಾದು ಬರುತ್ತದೆ. ನ್ಯಾಸ್‌ನ ಇಎಕ್ಸ್‌ಟಿ4, ಅದರೊಳಗಿನ ವಿಎಚ್‌ಡಿಎಕ್ಸ್, ಅದರೊಳಗಿನ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಂ), ಕೊನೆಗೆ ನಿಮ್ಮ ಸಿಡಿಆರ್ (ಕೋರೆಲ್‌ಡ್ರಾ) ಫೈಲ್. ಎಲ್ಲಾ ತೆಗೆದ ಮೇಲೆ ‘ಗ್ರೆಪ್ -ಆರ್‌ಎಲ್’ ಹಾಕಿ ಆ ಪದ ಹುಡುಕಿದರೆ ಯಾವ ಫೈಲಿಗೆ ಪೆಟ್ಟು ಬಿದ್ದಿದೆ ಅಂತ ಹೆಸರು ಸಮೇತ ಬರುತ್ತದೆ. ಯಾವುದೂ ಬರದಿದ್ದರೆ ಹೆಚ್ಚಾಗಿ ಖಾಲಿ ಜಾಗದಲ್ಲಿತ್ತು ಅಂತ ಅರ್ಥ.

ವಿಎಚ್‌ಡಿಎಕ್ಸ್ ವಿಚಾರ ಚಿತ್ರಾವತಿ ಮೇಡಂ ನನಗಿಂತ ಚೆನ್ನಾಗಿ ಬಲ್ಲರು.

ಚಿತ್ರಾವತಿ (ಚಿಕ್ಕಬಳ್ಳಾಪುರ)

ಹಳೆಯ ಬ್ಯಾಕಪ್‌ನ ತುಣುಕಿನ ಮಾತು ಒಪ್ಪಿದೆ, ಪೂರ್ತಿ ಇಮೇಜ್ ಮಾಡಿದ್ದೇ ಸರಿ.

ಮೌಂಟ್ ಮಾಡಿದ ಇಮೇಜ್‌ನಿಂದ 310 ಜಿಬಿ ಫೈಲನ್ನು ಹೊರಗೆ ಕಾಪಿ ಮಾಡಿ, ಆ ಕಾಪಿಯದೇ ಇನ್ನೊಂದು ಕಾಪಿ ಮಾಡಿ. ನಿಮ್ಮಲ್ಲಿ ಜಾಗ ಇದೆ. ರಿಪೇರಿ ಏನಿದ್ದರೂ ಎರಡನೇ ಕಾಪಿಯ ಮೇಲೆ.

ಮೊದಲು ಫೈಲ್‌ನ ತಲೆ ನೋಡಿ. ಯಾವುದಾದರೂ ಹೆಕ್ಸ್ ವ್ಯೂವರ್‌ನಲ್ಲಿ ತೆರೆದರೆ ಶುರುವಿನಲ್ಲೇ ‘ವಿಎಚ್‌ಡಿಎಕ್ಸ್‌ಫೈಲ್’ ಎಂಬ ಎಂಟು ಇಂಗ್ಲಿಷ್ ಅಕ್ಷರ ಕಾಣಬೇಕು. 64 ಕೆಬಿ ಮತ್ತು 128 ಕೆಬಿ ಜಾಗಗಳಲ್ಲಿ ‘ಹೆಡ್’, 192 ಮತ್ತು 256 ಕೆಬಿಯಲ್ಲಿ ‘ರೆಜಿ’. ಹೆಡರೂ ರೀಜನ್ ಟೇಬಲ್ಲೂ ತಲಾ ಎರಡೆರಡು ಪ್ರತಿ ಇರುವುದು ಇಂಥ ಹೊತ್ತಿಗಾಗಿಯೇ, ಒಂದು ಉಳಿದರೂ ಸಾಕು. ಮೊದಲ 1 ಎಂಬಿ ಪೂರ್ತಿ ಸೊನ್ನೆ ಇದ್ದರೆ ದಾರಿ ಬೇರೆ. ಆಗ ಫೋಟೋರೆಕ್ (ಫೈಲ್‌ಗಳ ಒಳಗುರುತು ಹಿಡಿದು ಹೆಕ್ಕುವ ಸಾಧನ) ಬಿಟ್ಟರೆ ಗತಿ ಇಲ್ಲ.

ಹೆಡರ್ ಇದ್ದೂ ವಿಂಡೋಸ್ ಕೆಟ್ಟಿದೆ ಅನ್ನುವುದಕ್ಕೆ ಸಾಮಾನ್ಯ ಕಾರಣ ಅರ್ಧಕ್ಕೆ ನಿಂತ ಲಾಗ್. ವಿಎಚ್‌ಡಿಎಕ್ಸ್‌ಗೆ ತನ್ನದೇ ಜರ್ನಲ್ ಇದೆ. ಯಾವ ಬ್ಲಾಕ್ ಎಲ್ಲಿದೆ ಅನ್ನುವ ಪಟ್ಟಿ ಬದಲಾಗುವ ಮೊದಲು ಅಲ್ಲಿ ನಮೂದಾಗುತ್ತದೆ. ಕರೆಂಟ್ ಹೋದಾಗ ಅದು ಬಾಕಿ ಉಳಿಯುತ್ತದೆ. ಉಬುಂಟುವಿನಲ್ಲಿ ‘ಕ್ಯೂಇಎಂಯು-ಐಎಂಜಿ ಚೆಕ್’ ಕೊಡಿ, ಲಾಗ್ ರೀಪ್ಲೇ ಆಗಬೇಕು ಅಂತ ಹೇಳಿದರೆ ಎರಡನೇ ಕಾಪಿಯ ಮೇಲೆ ‘-ಆರ್ ಆಲ್’ ಸೇರಿಸಿ ಮತ್ತೆ ಓಡಿಸಿ.

ಆಮೇಲೆ ‘ಮಾಡ್‌ಪ್ರೋಬ್ ಎನ್‌ಬಿಡಿ ಮ್ಯಾಕ್ಸ್_ಪಾರ್ಟ್=8’, ನಂತರ ‘ಕ್ಯೂಇಎಂಯು-ಎನ್‌ಬಿಡಿ’ಗೆ ‘-ಆರ್’, ‘-ಎಫ್ ವಿಎಚ್‌ಡಿಎಕ್ಸ್’, ‘-ಸಿ /ಡೆವ್/ಎನ್‌ಬಿಡಿ0’ ಕೊಟ್ಟರೆ ಒಳಗಿನ ಎನ್‌ಟಿಎಫ್‌ಎಸ್ ಪಾರ್ಟಿಷನ್ ಒಂದು ಡಿಸ್ಕಿನಂತೆ ಕಾಣುತ್ತದೆ. ಓದಲು ಮಾತ್ರ ಅಂತ ಮೌಂಟ್ ಮಾಡಿ.

ಮೌಂಟ್ ಆಗದಿದ್ದರೆ ‘ಕ್ಯೂಇಎಂಯು-ಐಎಂಜಿ ಕನ್ವರ್ಟ್ -ಓ ರಾ’ (ಇಲ್ಲಿ ಓ ದೊಡ್ಡಕ್ಷರ) ಕೊಟ್ಟು ಸಾದಾ ಇಮೇಜ್ ಮಾಡಿಕೊಳ್ಳಿ, ನಡುವೆ ಎರರ್ ಬಂದರೆ ‘--ಸಾಲ್ವೇಜ್’ ಸೇರಿಸಿ. ಅದರ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ. ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರ್‌ನ ಒಂದು ಪ್ರತಿ ಪಾರ್ಟಿಷನ್‌ನ ಕೊನೆಯ ಸೆಕ್ಟರ್‌ನಲ್ಲಿ ಇರುತ್ತದೆ, ಟೆಸ್ಟ್‌ಡಿಸ್ಕ್‌ನ ಅಡ್ವಾನ್ಸ್ಡ್, ಬೂಟ್ ಮೆನುವಿನಲ್ಲಿ ಅದನ್ನು ಮುಂದಕ್ಕೆ ತರಬಹುದು. ಆದರೆ ನಿಮ್ಮ ಬ್ಯಾಕಪ್ ಕೊನೆ ಮುಟ್ಟದೆ ನಿಂತಿರುವುದರಿಂದ ಆ ಕೊನೆಯ ಸೆಕ್ಟರೇ ಬಂದಿಲ್ಲದಿರಬಹುದು. ಡಿಎಂಡಿಇ ಕೂಡ ಇಲ್ಲಿ ಒಳ್ಳೆಯ ಸಾಧನ. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4000 ಫೈಲ್‌ವರೆಗೆ ತೆಗೆಯಬಹುದು.

ಫೈಲ್‌ಗಳ ಹೆಸರು, ಜಾಗ ಎಲ್ಲಾ ಇರುವುದು ಎಂಎಫ್‌ಟಿಯಲ್ಲಿ. ಸಾಮಾನ್ಯವಾಗಿ ಅದು ಪಾರ್ಟಿಷನ್‌ನ 3 ಜಿಬಿ ಸುಮಾರಿನಲ್ಲೇ ಶುರುವಾಗುತ್ತದೆ. 340ರಲ್ಲಿ 310 ಬಂದಿದೆ ಅಂದರೆ ಎಂಎಫ್‌ಟಿ ಉಳಿದಿರುವ ಸಂಭವ ಹೆಚ್ಚು.

‘ಚೆಕ್‌ಡಿಸ್ಕ್’ ಮಾತ್ರ ಓಡಿಸಬೇಡಿ. ಅದಕ್ಕೆ ಬೇಕಾದದ್ದು ಫೈಲ್ ಸಿಸ್ಟಂ ಅಚ್ಚುಕಟ್ಟಾಗಿರುವುದು, ನಿಮಗೆ ಬೇಕಾದದ್ದು ಫೈಲ್. ಹೊಂದಿಕೆಯಾಗದ ದಾಖಲೆಯನ್ನು ಅದು ಕಿತ್ತು ಹಾಕುತ್ತದೆ.

ವಿಂಡೋಸ್‌ನಲ್ಲೇ ಅಟ್ಯಾಚ್ ಮಾಡಲು ಹೋದವರಿಗೆ ಒಂದು ಮಾತು. ‘ವರ್ಚುವಲ್ ಹಾರ್ಡ್ ಡಿಸ್ಕ್ ಫೈಲ್ ಸ್ಪಾರ್ಸ್ ಆಗಿರಬಾರದು’ ಅಂತ ಬಂದರೆ ಫೈಲ್ ಕೆಟ್ಟಿದೆ ಅಂತಲ್ಲ. ನ್ಯಾಸ್‌ನಲ್ಲಿ ಇಟ್ಟುಕೊಂಡೇ ತೆರೆದರೆ ಹಾಗೆ ಬರುವುದುಂಟು. ಎನ್‌ಟಿಎಫ್‌ಎಸ್ ಡಿಸ್ಕ್‌ಗೆ ಕಾಪಿ ಮಾಡಿ, ಆಮೇಲೂ ಬಂದರೆ ‘ಎಫ್‌ಎಸ್‌ಯುಟಿಲ್ ಸ್ಪಾರ್ಸ್ ಸೆಟ್‌ಫ್ಲಾಗ್’ ಕೊಟ್ಟು ಫೈಲ್ ಹೆಸರಿನ ಮುಂದೆ 0 ಹಾಕಿ.

ಅಚ್ಚುಮೊಳೆ

ಮೇಡಂ, ಲಾಗ್ ಬಾಕಿ ಅಂತಲೇ ಬಂತು. ‘-ಆರ್ ಆಲ್’ ಆದ ಮೇಲೆ ಪಾರ್ಟಿಷನ್ ಮೌಂಟ್ ಆಯಿತು. ಫೋಲ್ಡರ್, ಕನ್ನಡದಲ್ಲಿಟ್ಟ ಫೈಲ್ ಹೆಸರು ಎಲ್ಲಾ ಕಾಣುತ್ತಿವೆ. ಗುರುತಿನ ಪದ ಯಾವ ಫೈಲಿನಲ್ಲೂ ಇಲ್ಲ.

ಆದರೆ ಒಂದಷ್ಟು ಸಿಡಿಆರ್ ಫೈಲ್ ತೆರೆಯುತ್ತಿಲ್ಲ. ಗಾತ್ರ ಸರಿಯಾಗಿಯೇ ತೋರಿಸುತ್ತಿದೆ. ಟ್ಯಾಲಿಯೂ ಕಂಪನಿ ಲೋಡ್ ಮಾಡುವಾಗ ಎರರ್ ಕೊಡುತ್ತಿದೆ.

ಚಿತ್ರಾವತಿ (ಚಿಕ್ಕಬಳ್ಳಾಪುರ)

ಅದೇ ಬರದೆ ಉಳಿದ 30 ಜಿಬಿ. ಹೆಸರು ಮತ್ತು ಗಾತ್ರ ಎಂಎಫ್‌ಟಿಯಿಂದ ಬರುತ್ತವೆ, ಒಳಗಿನ ಬ್ಲಾಕ್ ಬರೆದೇ ಇಲ್ಲವಾದ್ದರಿಂದ ವಿಎಚ್‌ಡಿಎಕ್ಸ್ ಅಲ್ಲಿ ಸೊನ್ನೆ ಕೊಡುತ್ತದೆ.

ಒಂದೊಂದಾಗಿ ತೆರೆದು ನೋಡುತ್ತಾ ಕೂರಬೇಡಿ. ಕೋರೆಲ್‌ಡ್ರಾ ಎಕ್ಸ್4ರಿಂದ ಈಚಿನ ಸಿಡಿಆರ್ ಒಳಗೆ ಜಿಪ್ ರಚನೆಯೇ. ಹಾಗಾಗಿ 7-ಜಿಪ್‌ನ ‘ಟಿ’ ಕಮಾಂಡ್‌ನಿಂದ ಇಡೀ ಫೋಲ್ಡರ್ ಪರೀಕ್ಷಿಸಿ. ಸಿಆರ್‌ಸಿ (ಒಳಗಿನ ತಪಾಸಣೆ ಸಂಖ್ಯೆ) ತಾಳೆಯಾದದ್ದು ಗಟ್ಟಿ, ಉಳಿದವು ಒಂದು ಪಟ್ಟಿ. ಎಕ್ಸ್4ಗಿಂತ ಹಿಂದಿನ ಆವೃತ್ತಿಯಲ್ಲಿ ಸೇವ್ ಮಾಡಿದ್ದು ಈ ಪರೀಕ್ಷೆಯಲ್ಲಿ ತಪ್ಪಾಗಿ ಫೇಲ್ ಆಗುತ್ತದೆ, ಅವನ್ನು ಕೋರೆಲ್‌ನಲ್ಲೇ ತೆರೆದು ನೋಡಿ. ಪಟ್ಟಿ ಸಿಕ್ಕ ಮೇಲೆ ಅದೇ ಫೋಲ್ಡರ್‌ನಲ್ಲಿ ‘ಬ್ಯಾಕಪ್_ಆಫ್_’ ಅಂತ ಶುರುವಾಗುವ ಫೈಲ್ ಇದೆಯೇ ನೋಡಿ. ಕೋರೆಲ್ ತಾನೇ ಇಡುವ ಹಿಂದಿನ ಪ್ರತಿ ಅದು, ಡಿಸ್ಕಿನಲ್ಲಿ ಬೇರೆ ಜಾಗದಲ್ಲಿ ಇರುವುದರಿಂದ ಉಳಿದಿರಬಹುದು. ಪ್ಲೇಟ್ ಹಾಕಿಸಲು ಕಳಿಸಿದ ಪಿಡಿಎಫ್‌ಗಳು ಮೇಲ್‌ನ ಸೆಂಟ್ ಫೋಲ್ಡರ್‌ನಲ್ಲಿ ಇರುತ್ತವೆ. ಟೆಕ್ಸ್ಟ್ ಕರ್ವ್ ಮಾಡಿ ಕಳಿಸಿದ್ದರೆ ಅಕ್ಷರ ತಿದ್ದಲಾಗದು, ವಿನ್ಯಾಸ ಸಿಗುತ್ತದೆ.

ಟ್ಯಾಲಿಗೆ, ಡೇಟಾ ಫೋಲ್ಡರ್ ಒಳಗಿನ ನಂಬರ್ ಹೆಸರಿನ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ಕಾಪಿ ಮಾಡಿ. ಟ್ಯಾಲಿಪ್ರೈಮ್ ಆದರೆ ಆಲ್ಟ್ ವೈ ಒತ್ತಿ ‘ರಿಪೇರ್’, ಇಆರ್‌ಪಿ 9 ಆದರೆ ಕಂಟ್ರೋಲ್ ಆಲ್ಟ್ ಆರ್. ರಿಪೇರಿ ಆದ ಮೇಲೆ ಟ್ರಯಲ್ ಬ್ಯಾಲೆನ್ಸನ್ನು ಕೊನೆಯ ಜಿಎಸ್‌ಟಿ ರಿಟರ್ನ್ ಜೊತೆ ಇಟ್ಟು ನೋಡಿ. ವೋಚರ್ ಬಿಟ್ಟುಹೋಗಿದ್ದರೆ ಅಲ್ಲಿ ವ್ಯತ್ಯಾಸ ಕಾಣುತ್ತದೆ.

ಅಂತರಗಂಗೆ (ಕೋಲಾರ)

ಪಟ್ಟಿಯಲ್ಲಿ ಉಳಿದದ್ದಕ್ಕೆ ಈಗ ಆ ಖಾಲಿ ಜಾಗ. ನ್ಯಾಸ್ ಇಮೇಜ್‌ನ ಲೂಪ್ ಡಿವೈಸ್ ಮೇಲೆ ಫೋಟೋರೆಕ್ ಓಡಿಸಿ, ಫೈಲ್ ಸಿಸ್ಟಂ ಇಎಕ್ಸ್‌ಟಿ, ಆಮೇಲೆ ‘ಹೋಲ್’ ಬದಲು ‘ಫ್ರೀ’ ಆರಿಸಿ. ಹಿಂದಿನ ವಾರದ ಇಮೇಜ್ ಬಿಟ್ಟುಹೋದ ಜಾಗ ಮಾತ್ರ ಜಾಲಾಡುತ್ತದೆ. ಫೈಲ್ ಆಪ್ಷನ್‌ನಲ್ಲಿ ಎಲ್ಲಾ ತೆಗೆದು ರಿಫ್ (ಸಿಡಿಆರ್ ಇದರಡಿ ಬರುತ್ತದೆ), ಜಿಪ್, ಪಿಡಿಎಫ್ ಮಾತ್ರ ಇಡಿ, ಇಲ್ಲದಿದ್ದರೆ ಲಕ್ಷಗಟ್ಟಲೆ ಐಕಾನ್ ಚಿತ್ರ ಬಂದು ರಾಶಿ ಬೀಳುತ್ತದೆ. ಕೆಲವು ಸಿಡಿಆರ್ ಜಿಪ್ ಅಂತ ಹೆಸರಿಟ್ಟುಕೊಂಡು ಬಂದರೆ ತೆರೆದು ನೋಡಿ, ಒಳಗೆ ‘ಕಂಟೆಂಟ್’ ಫೋಲ್ಡರ್ ಇದ್ದರೆ ಅದು ಕೋರೆಲ್ ಫೈಲ್, ಬಾಲ ಬದಲಿಸಿ.

ಹೆಸರುಗಳು ಸಿಗುವುದಿಲ್ಲ, ಎಫ್ ಅಕ್ಷರ ಮತ್ತು ಸೆಕ್ಟರ್ ನಂಬರ್ ಅಷ್ಟೇ. ನಾಲ್ಕೈದು ಎಂಬಿಯ ಫೈಲ್ ಚೆನ್ನಾಗಿ ಬರುತ್ತವೆ, ದೊಡ್ಡವು ಚೂರುಚೂರಾಗಿದ್ದರೆ ಬರುವುದಿಲ್ಲ.

ಪೇಜ್‌ಮೇಕರ್ ಫೈಲ್‌ಗಳಲ್ಲಿ ಗಿರಾಕಿ ಹೆಸರು ಹಿಡಿದು ಹುಡುಕುವಾಗ ಹೆಚ್ಚಿನವರು ಸೋಲುವುದು ಒಂದು ಕಡೆ. ನುಡಿ ಫಾಂಟ್‌ನಲ್ಲಿ ಕೂಡಿಸಿದ ಅಕ್ಷರ ಯೂನಿಕೋಡ್ ಅಲ್ಲ. ‘ಮದುವೆ’ ಅಂತ ಯೂನಿಕೋಡ್‌ನಲ್ಲಿ ಟೈಪಿಸಿ ಗ್ರೆಪ್ ಕೊಟ್ಟರೆ ಒಂದೂ ಸಿಗುವುದಿಲ್ಲ, ಆಗ ಫೈಲೇ ಹೋಗಿದೆ ಅಂದುಕೊಳ್ಳುತ್ತಾರೆ. ಆ ಪದವನ್ನು ನುಡಿಯಲ್ಲಿ ಆಸ್ಕಿ ಮೋಡ್‌ನಲ್ಲಿ ಟೈಪಿಸಿ ನೋಟ್‌ಪ್ಯಾಡ್‌ಗೆ ಹಾಕಿ, ಮೂಗುಬೊಟ್ಟಿನಂಥ ಲ್ಯಾಟಿನ್ ಚಿಹ್ನೆಗಳ ಸಾಲು ಕಾಣುತ್ತದೆ. ಹುಡುಕಬೇಕಾದದ್ದು ಆ ಸಾಲನ್ನು. ಪೇಜ್‌ಮೇಕರ್ ಒಳಗೆ ಒಂದು ಚಿಹ್ನೆಗೆ ಒಂದೇ ಬೈಟ್, ಉಬುಂಟು ಟರ್ಮಿನಲ್‌ನಲ್ಲಿ ಅದೇ ಚಿಹ್ನೆಗೆ ಎರಡು. ಹಾಗಾಗಿ ನೋಟ್‌ಪ್ಯಾಡ್‌ನಲ್ಲಿ ‘ಎಎನ್‌ಎಸ್‌ಐ’ ಅಂತ ಸೇವ್ ಮಾಡಿ, ಕೊನೆಯಲ್ಲಿ ಖಾಲಿ ಸಾಲು ಇಲ್ಲದಂತೆ ನೋಡಿಕೊಂಡು, ‘ಎಲ್‌ಸಿ_ಆಲ್=ಸಿ’ (ಎಲ್ಲಾ ದೊಡ್ಡಕ್ಷರ) ಇಟ್ಟು ‘ಗ್ರೆಪ್ -ಆರ್‌ಎಲ್ -ಎಫ್’ಗೆ (ಇಲ್ಲಿ ಎಫ್ ದೊಡ್ಡಕ್ಷರ) ಇನ್ನೊಂದು ಸಣ್ಣ ‘-ಎಫ್’ ಮೂಲಕ ಆ ಫೈಲನ್ನೇ ಕೊಡಿ.

ಅಚ್ಚುಮೊಳೆ

ಟ್ಯಾಲಿ ರಿಪೇರಿ ಆಗಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು. 7-ಜಿಪ್ ಪಟ್ಟಿಯಲ್ಲಿ 386 ಸಿಡಿಆರ್ ಕೆಟ್ಟಿದ್ದವು. ‘ಬ್ಯಾಕಪ್_ಆಫ್_’ನಿಂದ 140, ಫೋಟೋರೆಕ್‌ನಿಂದ ಇನ್ನೂ 97 ಬಂದವು. ಗ್ರೆಪ್ ಉಪಾಯದಿಂದ ಈ ತಿಂಗಳ ಎರಡು ಲಗ್ನಪತ್ರಿಕೆ ಕೂಡಲೇ ಸಿಕ್ಕವು. ಇಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಇನ್ನು ಮುಂದೆ ಬ್ಯಾಕಪ್ ಹೇಗೆ ಇಡಲಿ? ಪ್ರೆಸ್ ಇನ್ವರ್ಟರ್‌ನಲ್ಲೇ ನ್ಯಾಸ್ ಇತ್ತು.

ದುರ್ಗದಬೆಟ್ಟ (ತುಮಕೂರು)

ಅಣ್ಣ, ಸಾದಾ ಇನ್ವರ್ಟರ್ ಮೋಡ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಗ್ಯಾಪ್ ಫ್ಯಾನು, ಲೈಟಿಗೆ ಸಾಕು. ನ್ಯಾಸ್ ಅಡಾಪ್ಟರ್‌ಗೆ ಅದು ಒಂದು ಸಲ ತಡೆಯುತ್ತೆ, ಒಂದು ಸಲ ತಡೆಯಲ್ಲ. ನ್ಯಾಸ್, ರೌಟರ್, ಸ್ವಿಚ್ಚಿಗೆ ಮಾತ್ರ ಬೇರೆ 600 ವಿಎ ಯುಪಿಎಸ್ ಹಾಕಿ. ಕೊಳ್ಳುವಾಗ ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ, ಅಗ್ಗದ ಎಷ್ಟೋ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಆ ಕೇಬಲ್ ನ್ಯಾಸ್‌ಗೆ ಹಾಕಿ, ಸೆಟ್ಟಿಂಗ್‌ನಲ್ಲಿ ಯುಪಿಎಸ್ ಸಪೋರ್ಟ್ ಆನ್ ಮಾಡಿ 5 ನಿಮಿಷ ಅಂತ ಕೊಟ್ಟರೆ ಅದು ತಾನೇ ವಾಲ್ಯೂಮ್ ಮುಚ್ಚಿ ನಿಲ್ಲುತ್ತೆ. 12 ವೋಲ್ಟ್ 7 ಎಎಚ್ ಬ್ಯಾಟರಿ ಅಂದರೆ 84 ವಾಟ್-ಅವರ್. ಅರ್ಧ ಸಿಕ್ಕರೂ 30 ವಾಟ್ ನ್ಯಾಸ್ ಒಂದು ಗಂಟೆ ದಾಟುತ್ತೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತೆ, ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಪರೀಕ್ಷೆ ಮಾಡಿ. ಕಂಪ್ಯೂಟರ್‌ಗೆ ಬೇರೆ ಯುಪಿಎಸ್. ಪ್ರೆಸ್ ಮೋಟರ್ ಇರುವ ಲೈನಿನಲ್ಲಿ ಇವೆರಡನ್ನೂ ಸೇರಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಒಂದು ಸಲ ನೋಡಿಸಿ.

ಚಿತ್ರಾವತಿ (ಚಿಕ್ಕಬಳ್ಳಾಪುರ)

ಸಿಸ್ಟಂ ಇಮೇಜ್ ಇಟ್ಟುಕೊಳ್ಳಿ, ಆದರೆ ನ್ಯಾಸ್‌ನಲ್ಲಿ ‘ವಾರ1’, ‘ವಾರ2’ ಅಂತ ಎರಡು ಸಬ್‌ಫೋಲ್ಡರ್ ಮಾಡಿ ‘ಡಬ್ಲ್ಯುಬಿಆಡ್ಮಿನ್’ನಿಂದ ಸರದಿಯ ಮೇಲೆ ಬರೆಸಿ. ಜಾಗ ಎರಡರಷ್ಟು ಬೇಕು, 4 ಟಿಬಿಯಲ್ಲಿ ಧಾರಾಳ ಇದೆ. ಒಂದು ಅರ್ಧಕ್ಕೆ ನಿಂತರೂ ಇನ್ನೊಂದು ಪೂರ್ತಿ ಇರುತ್ತದೆ. ಇದರ ಜೊತೆಗೆ ಡಿಸೈನ್ ಫೋಲ್ಡರ್ ಮತ್ತು ಟ್ಯಾಲಿ ಡೇಟಾವನ್ನು ದಿನಾ ರಾತ್ರಿ ಬಿಡಿ ಫೈಲ್‌ಗಳಾಗಿಯೇ ಇನ್ನೊಂದು ಶೇರ್‌ಗೆ ಕಾಪಿ ಮಾಡಿಸಿ, ‘ರೋಬೋಕಾಪಿ’ ಸಾಕು. ‘/ಎಂಐಆರ್’ ಹಾಕಬೇಡಿ, ಕಂಪ್ಯೂಟರ್‌ನಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ‘/ಇ’ ಹಾಕಿ. ಬಿಡಿ ಫೈಲ್ ಇದ್ದರೆ ಒಂದು ಕೆಟ್ಟರೆ ಒಂದೇ ಹೋಗುತ್ತದೆ.

ಇನ್ನೊಂದು ಯುಎಸ್‌ಬಿ ಡಿಸ್ಕ್‌ಗೆ ತಿಂಗಳಿಗೊಮ್ಮೆ ಅದನ್ನೇ ಹಾಕಿ, ಪ್ರೆಸ್‌ನಲ್ಲಿ ಬೇಡ, ಮನೆಯಲ್ಲಿ ಇಡಿ. ಆ ದಿನ ಯಾವುದಾದರೂ ಐದು ಸಿಡಿಆರ್ ಬ್ಯಾಕಪ್‌ನಿಂದ ತೆರೆದು ನೋಡಿ.

ಅಂತರಗಂಗೆ (ಕೋಲಾರ)

ಹೊಸ ಡಿಸ್ಕ್‌ಗಳು ಬಂದ ಮೇಲೆ ನ್ಯಾಸ್‌ನಲ್ಲಿ ತಿಂಗಳಿಗೊಮ್ಮೆ ‘ಸ್ಕ್ರಬ್ಬಿಂಗ್’ (ಡಿಸ್ಕ್ ಪೂರ್ತಿ ಓದಿ ತಾಳೆ ನೋಡುವುದು) ಮತ್ತು ಸ್ಮಾರ್ಟ್ ಎಕ್ಸ್‌ಟೆಂಡೆಡ್ ಟೆಸ್ಟ್ ಶೆಡ್ಯೂಲ್ ಮಾಡಿ, 5, 197, 198 ಈ ಮೂರು ಸಾಲು ಸೊನ್ನೆಯಿಂದ ಮೇಲೇರಿದರೆ ಮೇಲ್ ಬರುವಂತೆ ಇಡಿ. 199 ಏರಿದರೆ ಡಿಸ್ಕ್ ದೂರಬೇಡಿ, ಅದು ಕೇಬಲ್ ಅಥವಾ ಸ್ಲಾಟ್ ಕನೆಕ್ಷನ್.

ಹಳೆಯ ಡಿಸ್ಕ್ ಎರಡೂ, ಆ 8 ಟಿಬಿಯ ಇಮೇಜೂ ಮ್ಯಾಪ್ ಫೈಲ್ ಸಮೇತ ಹಾಗೇ ಇರಲಿ. ಇನ್ನೂ 149 ಸಿಡಿಆರ್ ಬಾಕಿ ಇವೆ. ಹಳೆಯ ಗಿರಾಕಿ ಬಂದು ಕೇಳಿದ ದಿನ ಮತ್ತೆ ಹುಡುಕಬೇಕಾಗಬಹುದು. ಈ ಸಾಲಿನ ಆಡಿಟ್ ಮುಗಿಯುವವರೆಗಂತೂ ಯಾವುದನ್ನೂ ಒರೆಸಬೇಡಿ.